ಶಿಕ್ಷೆಯಾದ ಬಡ ಕೈದಿಗಳ ಪರ ಮೇಲ್ಮನವಿ ನಡೆಸುವ ವಕೀಲರ ಕೆಲಸ ಹೇಗಿರುತ್ತದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಕಾನೂನು ಓದಿನ ಕೊನೆಯ ವರ್ಷದಲ್ಲಿದ್ದೀರಿ, ಕಾನೂನು ನೆರವಿನ ಪ್ಯಾನೆಲ್ ಸೇರಿ ಕ್ರಿಮಿನಲ್ ಅಪೀಲು ನಡೆಸುವ ಕೆಲಸ ಹೇಗಿರುತ್ತದೆ ಅನ್ನುವುದು ಒಂದು. ಕೋರ್ಟೇ ತಪ್ಪಿತಸ್ಥ ಅಂದವನ ಪರ ನಿಂತಾಗ ಮನಸ್ಸಿಗೆ ಕಸಿವಿಸಿ ಆಗಲ್ವಾ ಅನ್ನುವುದು ಇನ್ನೊಂದು. ಹೈಕೋರ್ಟಿನಲ್ಲಿ 11 ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ, ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಇದು ಓದುವ ಕೆಲಸ. ಮಾತಾಡುವುದು ಕೊನೆಗೆ ಒಂದಿಷ್ಟು ಹೊತ್ತು ಮಾತ್ರ. ಸಾಕ್ಷಿಗಳು ಬರುವುದಿಲ್ಲ, ಪಾಟೀ ಸವಾಲು ಇಲ್ಲ. ಕೆಳಗಿನ ಕೋರ್ಟಿನಲ್ಲಿ ಏನು ದಾಖಲಾಗಿದೆಯೋ ಅಷ್ಟರಲ್ಲೇ ಆಟ. ಅಲ್ಲಿನ ವಕೀಲರು ಕೇಳಬೇಕಿದ್ದ ಪ್ರಶ್ನೆ ಕೇಳದೆ ಬಿಟ್ಟಿದ್ದರೆ ಈಗ ನಾವು ಕೇಳಲು ಆಗುವುದಿಲ್ಲ. ಹೆಚ್ಚುವರಿ ಸಾಕ್ಷ್ಯಕ್ಕೆ ಕಾನೂನಿನಲ್ಲಿ ದಾರಿ ಇದೆ, ಆದರೆ ಆ ಬಾಗಿಲು ತೆರೆಯುವುದು ಅಪರೂಪ.

ನನ್ನದೊಂದು ಅಭ್ಯಾಸ ಇದೆ. ತೀರ್ಪನ್ನು ಮೊದಲು ಓದುವುದಿಲ್ಲ. ತೀರ್ಪು ಬರೆದವರು ಎಲ್ಲವನ್ನೂ ಒಂದು ಕಥೆಯಾಗಿ ಜೋಡಿಸಿರುತ್ತಾರೆ. ಅದನ್ನು ಓದಿಬಿಟ್ಟರೆ ಆಮೇಲೆ ಪ್ರತಿ ಕಾಗದವೂ ಆ ಕಥೆಯ ತುಂಡಾಗಿಯೇ ಕಾಣುತ್ತದೆ. ಮೊದಲು ದೂರು, ಆಮೇಲೆ ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ ಹೊತ್ತು, ಮಹಜರುಗಳು (ಪೊಲೀಸರು ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಸಾಕ್ಷಿಗಳ ಮುಂದೆ ಬರೆದಿಟ್ಟ ದಾಖಲೆ), ಮರಣೋತ್ತರ ಪರೀಕ್ಷೆ, ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ಸಾಕ್ಷಿ ಹೇಳಿಕೆಗಳು. ತೀರ್ಪು ಕಡೆಗೆ. ಹೀಗೆ ಓದಿದರೆ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಬೆಳಿಗ್ಗೆ ಹೆಣ ನೋಡಿ ಬರೆದ ಶವ ಮಹಜರಿನಲ್ಲಿ ಆರೋಪಿಯ ಹೆಸರೇ ಇರುವುದಿಲ್ಲ, ಆದರೆ ದೂರು ಹಿಂದಿನ ರಾತ್ರಿಯೇ ಕೊಟ್ಟಂತೆ ಇರುತ್ತದೆ; ಹಾಗಾದರೆ ಹೆಸರು ಆಮೇಲೆ ಸೇರಿಸಿದ್ದೇ ಎಂಬ ಅನುಮಾನ ಬರುತ್ತದೆ. ಇನ್ನೊಂದು ಕೇಸಿನಲ್ಲಿ ಐದು ಮಹಜರಿಗೂ ಅದೇ ಇಬ್ಬರು ಪಂಚರು, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳು.

ಆರೋಪಿಯ ಹೇಳಿಕೆಯನ್ನು ಎರಡು ಸಲ ಓದುತ್ತೇನೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 313ನೇ ಸೆಕ್ಷನ್, ಅದರ ಬದಲಿಗೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 351. ವಿರುದ್ಧವಾಗಿ ಬಂದ ಪ್ರತಿ ಸಂಗತಿಯನ್ನೂ ಜಡ್ಜ್ ಅವನ ಮುಂದಿಟ್ಟು ಉತ್ತರ ಕೇಳಬೇಕು. ಎಷ್ಟೋ ಸಲ ಎಲ್ಲಾ ಪ್ರಶ್ನೆಗೂ 'ಸುಳ್ಳು' ಎಂಬ ಒಂದೇ ಉತ್ತರ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಆದರೆ ರಕ್ತದ ಕಲೆಯ ಅಂಗಿಯ ಮೇಲೆ ಶಿಕ್ಷೆ ಕೊಟ್ಟು, ಆ ಅಂಗಿಯ ಬಗ್ಗೆ ಅವನನ್ನು ಕೇಳಿಯೇ ಇಲ್ಲದಿದ್ದರೆ? ಅಂಥ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧೀಚಂದ್ ಸಾರ್ದಾ ತೀರ್ಪಿನಲ್ಲಿ ಹೇಳಿದೆ. ಪ್ರತ್ಯಕ್ಷ ಸಾಕ್ಷಿ ಇಲ್ಲದ ಕೇಸಿಗೆ ಇವತ್ತಿಗೂ ಎಲ್ಲರೂ ಮೊದಲು ಎತ್ತಿಕೊಳ್ಳುವುದು ಅದನ್ನೇ.

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ನಮ್ಮಲ್ಲಿ ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ, ಹೈಕೋರ್ಟಿನಲ್ಲಿ ವಾದ ಇಂಗ್ಲಿಷ್‌ನಲ್ಲಿ. ನಡುವೆ ಭಾಷಾಂತರ. ಒಂದು ಕೊಲೆ ಕೇಸಿನಲ್ಲಿ ಮುಖ್ಯ ಸಾಕ್ಷಿ ಮುಸ್ಸಂಜೆಯಲ್ಲಿ ಹೊಲದ ಬದುವಿನ ಮೇಲಿದ್ದವನು. ಪೇಪರ್ ಬುಕ್‌ನ (ಅಪೀಲಿಗಾಗಿ ಕೇಸಿನ ದಾಖಲೆಗಳನ್ನೆಲ್ಲ ಸೇರಿಸಿದ ಕಟ್ಟು) ಇಂಗ್ಲಿಷ್ ಪ್ರಕಾರ ಆರೋಪಿ ಓಡಿಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೂಲ ತರಿಸಿ ನೋಡಿದೆ. 'ಓಡಿಹೋದವನು ಇವನೇ ಅಂತ ಕಾಣುತ್ತೆ' ಎಂದಿತ್ತು. ಈ 'ಕಾಣುತ್ತೆ' ಕಣ್ಣಿನದಲ್ಲ, 'ಇರಬೇಕೇನೋ' ಅನ್ನುವುದು. ಅದು ನಿಮಗೂ ಗೊತ್ತು, ನನಗೂ ಗೊತ್ತು. ಪೀಠದಲ್ಲಿದ್ದ ಒಬ್ಬರು ನ್ಯಾಯಮೂರ್ತಿಗಳು ಕನ್ನಡದವರು. ಆ ಸಾಲನ್ನು ಗಟ್ಟಿಯಾಗಿ ಓದಿ, ಪಕ್ಕದವರಿಗೆ ಬಿಡಿಸಿ ಹೇಳಿದರು. ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಸಾಕ್ಷಿ ಗುರುತಿಸುತ್ತಾನೆಯೇ ಎಂದು ನೋಡುವ ಗುರುತು ಪತ್ತೆ ಪರೇಡ್ ಕೂಡ ನಡೆದಿರಲಿಲ್ಲ. ಅನುಮಾನದ ಲಾಭ ಸಿಕ್ಕಿತು. ಅಷ್ಟರಲ್ಲಿ ಅವನು 8 ವರ್ಷ ಒಳಗಿದ್ದ.

ಹೀಗೆ ಗೆಲ್ಲುವುದು ಕಡಿಮೆ ಅಂತಲೇ ಇಟ್ಟುಕೊಳ್ಳಿ. ನನ್ನ ಹೆಚ್ಚಿನ ಗೆಲುವುಗಳು ಅರ್ಧ ಗೆಲುವು. ಹಠಾತ್ ಜಗಳ, ಕೈಗೆ ಸಿಕ್ಕ ಬಡಿಗೆ, ಒಂದೇ ಏಟು. ಇಂಥ ಕಡೆ ಹಳೆಯ ಐಪಿಸಿಯ 302 (ಕೊಲೆ) ಹೋಗಿ 304ರ ಎರಡನೇ ಭಾಗ (ಕೊಲೆಯಲ್ಲದ ನರಹತ್ಯೆ) ಬಂದರೆ ಜೀವಾವಧಿ ಹೋಗುತ್ತದೆ, ಗರಿಷ್ಠ 10 ವರ್ಷ. ಆಗಲೇ ಅನುಭವಿಸಿದ ಜೈಲುವಾಸವೇ ಸಾಕು ಎಂದು ಕೋರ್ಟ್ ಹೇಳಿದರೆ ಅವನು ಮನೆಗೆ ಹೋಗುತ್ತಾನೆ.

ಕಕ್ಷಿದಾರನ ಮುಖ ನೋಡುವುದು ಅಪರೂಪ. ನನಗೆ ಅವನು ಮೊದಲು ಸಿಗುವುದು ಜೈಲಿನಿಂದ ಬಂದ ಕಾಗದದಲ್ಲಿ. ಒಳಗಿರುವವನು ಜೈಲಧಿಕಾರಿಗಳ ಮೂಲಕವೇ ಅಪೀಲು ಕಳಿಸಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಂಧನದಲ್ಲಿ ಇರುವವನಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲ ಸಿಗಬೇಕು. ಹೈಕೋರ್ಟಿಗೆ ಬರಲು ಸಾಮಾನ್ಯವಾಗಿ 60 ದಿನದ ಗಡುವು, ಆದರೆ ನನ್ನ ಕೈಗೆ ಬರುವ ಕಡತಗಳಲ್ಲಿ ಎರಡು ವರ್ಷ, ನಾಲ್ಕು ವರ್ಷ ತಡ ಮಾಮೂಲು. ಕಾರಣ ಕೇಳಿದರೆ ಒಂದೇ ಮಾತು: 'ಮನೆಯವರು ಹಾಕಿರಬಹುದು ಅಂದುಕೊಂಡಿದ್ದೆ.' ಮನೆಯವರು ಜಮೀನು ಮಾರಿ ಕೆಳಗಿನ ಕೋರ್ಟಿಗೇ ಸುರಿದು ಕೈಚೆಲ್ಲಿರುತ್ತಾರೆ. ತೀರ್ಪಿನ ಪ್ರತಿ ಕೈದಿಗೆ ಉಚಿತವಾಗಿ, ಕೂಡಲೇ ತಲುಪಬೇಕು ಎಂದು 1978ರಲ್ಲೇ ಎಂ.ಎಚ್. ಹೊಸ್ಕೋಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ತಲುಪಿದರೂ ಓದಿ ಹೇಳುವವರು ಬೇಕಲ್ಲ.

ಅಪೀಲು ಹಾಕಿದ ಕೂಡಲೇ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂಬ ಅರ್ಜಿ. ದಿನದ ಓಡಾಟ ಹೆಚ್ಚಾಗಿ ಇದರದ್ದೇ. ಅಪೀಲು ವರ್ಷಗಟ್ಟಲೆ ಕೇಳಲು ಆಗದಿದ್ದಾಗ ಆ ಮನುಷ್ಯನನ್ನು ಒಳಗೇ ಇಡುವುದು ಸರಿಯೇ ಎಂದು 1977ರ ಕಾಶ್ಮೀರಾ ಸಿಂಗ್ ತೀರ್ಪು ಕೇಳಿತ್ತು. ನಾನಂತೂ ಅದನ್ನು ಎಷ್ಟು ಸಲ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ಜಾಮೀನು ಸಿಕ್ಕಿತು ಎಂದು ಖುಷಿಪಟ್ಟರೆ ಮುಂದಿನ ತಲೆನೋವು ಶ್ಯೂರಿಟಿ. ಊರಿನಲ್ಲಿ ಪಹಣಿ ಇರುವ ಒಬ್ಬನೂ ಅವನಿಗಾಗಿ ಸಹಿ ಹಾಕಲು ಬರುವುದಿಲ್ಲ. ಆದೇಶ ಆಗಿ ತಿಂಗಳುಗಟ್ಟಲೆ ಒಳಗೇ ಇದ್ದವರಿದ್ದಾರೆ. ಷರತ್ತು ಸಡಿಲಿಸಿ ಎಂದು ಮತ್ತೆ ಒಂದು ಅರ್ಜಿ.

ಅಪೀಲೂ ಸೋತರೆ ದಾರಿ ಕಿರಿದಾಗುತ್ತದೆ. ಸಹಿ ಹಾಕಿದ ತೀರ್ಪನ್ನು ಹೈಕೋರ್ಟ್ ತಾನೇ ತಿದ್ದುವಂತಿಲ್ಲ, ಕೈತಪ್ಪಿನಿಂದಾದ ಬರಹದ ದೋಷ ಬಿಟ್ಟು. ಉಳಿಯುವುದು ಸುಪ್ರೀಂ ಕೋರ್ಟ್, ಆಮೇಲೆ ಸರ್ಕಾರದ ಕ್ಷಮಾದಾನ. ಆದರೆ ಒಂದು ವಾದಕ್ಕೆ ಕೊನೆ ದಿನಾಂಕವೇ ಇಲ್ಲ. ಅಪರಾಧ ನಡೆದಾಗ ಅವನು 18 ತುಂಬದ ಹುಡುಗ ಎಂಬ ವಾದ. ಎಲ್ಲಾ ಮುಗಿದ ಮೇಲೂ ಯಾವ ಕೋರ್ಟಿನಲ್ಲಾದರೂ ಎತ್ತಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯಾದ ಒಬ್ಬನನ್ನು ಹೀಗೇ ಬಿಡುಗಡೆ ಮಾಡಿತು. ಶಾಲೆಯ ದಾಖಲೆ ನೋಡಿದರೆ ಕೃತ್ಯದ ದಿನ ಅವನಿಗೆ 12 ವರ್ಷ. ಅವನು ಒಳಗಿದ್ದದ್ದು 28 ವರ್ಷಕ್ಕೂ ಜಾಸ್ತಿ. ಅದನ್ನು ಓದಿದ ಮೇಲೆ ಹೊಸ ಕಡತ ಬಂದಾಗಲೆಲ್ಲ ಕೈದಿಗೆ ಬರೆಯುವ ಮೊದಲ ಪತ್ರದಲ್ಲಿ 'ಯಾವ ಶಾಲೆಯಲ್ಲಿ ಓದಿದ್ದೀರಿ' ಎಂದು ಕೇಳುತ್ತೇನೆ. ಹೆಚ್ಚಿನವರು ಯಾಕೆ ಕೇಳಿದರೋ ಎಂದುಕೊಂಡು ಮೇಷ್ಟ್ರ ಹೆಸರನ್ನೂ ಬರೆದು ಕಳಿಸುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮಾಡಿದ್ದೀಯಾ ಇಲ್ಲವಾ ಎಂದು ನಾನು ಯಾರನ್ನೂ ಕೇಳಿಲ್ಲ. ಅಪೀಲಿನಲ್ಲಿ ಅದು ಬೇಕಾಗಿಯೂ ಇಲ್ಲ, ಕಾಗದದಲ್ಲಿರುವ ಸಾಕ್ಷ್ಯ ಆ ಶಿಕ್ಷೆಯನ್ನು ಹೊರುತ್ತದೆಯೇ ಅನ್ನುವುದಷ್ಟೇ ಪ್ರಶ್ನೆ. ಕಸಿವಿಸಿ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಸತ್ತ ಹುಡುಗಿಯ ತಂದೆ ಕೊನೆಯ ಬೆಂಚಿನಲ್ಲಿ ಕೂತು ನನ್ನ ವಾದವನ್ನೆಲ್ಲ ಕೇಳಿದರು. ಇಂಗ್ಲಿಷ್ ಅರ್ಥವಾಗಿರಲಿಕ್ಕಿಲ್ಲ. ಹೊರಗೆ ಬಂದು 'ಅವನನ್ನ ಬಿಡ್ತಾರಾ ಸಾರ್?' ಎಂದು ನನ್ನನ್ನೇ ಕೇಳಿದರು. ನಾನು ಯಾರ ಪರ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ತಲೆಯಾಡಿಸಿ ಹೋದರು. ಆ ಅಪೀಲು ವಜಾ ಆಯಿತು, ನನಗೂ ಅದು ತಪ್ಪು ಅನ್ನಿಸಲಿಲ್ಲ. ನಿದ್ದೆ ಕೆಡಿಸುವುದು ಅಂಥ ಕೇಸಲ್ಲ. ಇವನು ಮಾಡಿರಲಿಕ್ಕಿಲ್ಲ ಅನ್ನಿಸಿಯೂ ಸೋತ ಎರಡು ಕೇಸುಗಳಿವೆ. ಅವುಗಳ ಪೇಪರ್ ಬುಕ್ ಇನ್ನೂ ನನ್ನ ಕಪಾಟಿನಲ್ಲಿದೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇದೊಂದರಲ್ಲೇ ಮನೆ ನಡೆಯುವುದು ಕಷ್ಟ. ಖಾಸಗಿ ಕೇಸುಗಳ ಜೊತೆ ಇದನ್ನು ಮಾಡುವವರೇ ಹೆಚ್ಚು, ನಾನೂ ಹಾಗೇ. 2022ರ ಕಾನೂನು ನೆರವು ರಕ್ಷಣಾ ವಕೀಲರ ಯೋಜನೆಯಲ್ಲಿ ಪೂರ್ಣಾವಧಿ ಕೆಲಸ ಇದೆ, ಆದರೆ ಅದು ಮುಖ್ಯವಾಗಿ ಜಿಲ್ಲಾ ಮಟ್ಟದ್ದು. ನನ್ನನ್ನು ಕೇಳಿದರೆ ಮೊದಲು ಎರಡು ಮೂರು ವರ್ಷ ಅಲ್ಲೇ ಸೆಷನ್ಸ್ ಕೋರ್ಟಿನಲ್ಲಿ ಪಾಟೀ ಸವಾಲು ಮಾಡಿ ಬನ್ನಿ. ಸುಮ್ನೆ ನೇರ ಹೈಕೋರ್ಟಿಗೆ ಬಂದರೆ ಸಾಕ್ಷಿ ಹೇಳಿಕೆಯಲ್ಲಿ ಏನು ಇದೆ ಅನ್ನುವುದು ಕಾಣುತ್ತದೆ, ಏನು ಇಲ್ಲ ಅನ್ನುವುದು ಕಾಣುವುದಿಲ್ಲ. ಜೊತೆಗೆ ಪೊಲೀಸ್ ಸ್ಟೇಷನ್ ರೈಟರ್‌ಗಳ ಕೈಬರಹ ಓದುವುದನ್ನು ಈಗಲೇ ಕಲಿತುಕೊಳ್ಳಿ. ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು.