ರಾಜನ ಕಥೆ ಬೇಡ, ಹುಣಸೆ ಬೀಜದ ಕಥೆ ಸಾಕು

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ, ಕಿನ್ನಾಳದ ಗೊಂಬೆಗಳನ್ನು ತಂದು ಮಾರುತ್ತೇವೆ. ಹಂಪಿಗೆ ಹೋಗುವವರು ಬಂದು ನೋಡುತ್ತಾರೆ, ಬೆಲೆ ಕೇಳುತ್ತಾರೆ, ಇಟ್ಟು ಹೋಗುತ್ತಾರೆ. ಒಂದೊಂದು ಗೊಂಬೆಗೂ ಕಥೆ ಕಟ್ಟಿ ಹೇಳಿದರೆ ವ್ಯಾಪಾರ ಕುದುರುತ್ತದೆ ಎಂದು ಮಗ ಹೇಳುತ್ತಾನೆ. ‘ಇಂಥದ್ದೇ ಗೊಂಬೆ ಕೃಷ್ಣದೇವರಾಯನ ಅರಮನೆಯಲ್ಲಿತ್ತು’ ಎಂದು ಚೀಟಿಯನ್ನೂ ಬರೆದಿಟ್ಟಿದ್ದಾನೆ. ಇದು ಸರಿಯೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಕಥೆಯಿಂದ ಬೆಲೆ ಏರುತ್ತದೆ ಎನ್ನುವಲ್ಲಿ ನಿಮ್ಮ ಮಗನ ಮಾತು ನಿಜ. 2009ರಲ್ಲಿ ಅಮೆರಿಕದ ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಎಂಬ ಬರಹಗಾರರು ಸುಮಾರು 129 ಡಾಲರಿಗೆ ಹಳೆಯ ಚಿಲ್ಲರೆ ಸಾಮಾನುಗಳನ್ನು ಕೊಂಡು, ಒಂದೊಂದಕ್ಕೂ ಲೇಖಕರಿಂದ ಕಥೆ ಬರೆಸಿ, ಈಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಹರಾಜಿಗೆ ಇಟ್ಟಾಗ ಒಟ್ಟು 3,600 ಡಾಲರಿಗೂ ಹೆಚ್ಚು ಬಂತು. ಆದರೆ ಆ ಕಥೆಗಳು ಕಲ್ಪಿತ ಎಂಬುದನ್ನು ಅವರು ಕೊಳ್ಳುವವರಿಂದ ಮುಚ್ಚಿಡಲಿಲ್ಲ. ನಿಮ್ಮ ಮಗನ ಚೀಟಿ ಹಾಗಲ್ಲ. ಅದನ್ನು ಓದಿದವರು ನಿಜವೆಂದು ನಂಬಿ ಹಣ ಕೊಡುತ್ತಾರೆ. ದಯವಿಟ್ಟು ಅದನ್ನು ಇವತ್ತೇ ತೆಗೆದುಬಿಡಿ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ, ಅಂದರೆ ಅದು ಆ ಊರಿನದೇ ಕಸುಬು ಎಂಬ ಅಧಿಕೃತ ಗುರುತು, ಇದೆ. ಒಂದು ಅಂಗಡಿಯ ಸುಳ್ಳು ಬಯಲಾದರೆ ಅದರ ಕೆಟ್ಟ ಹೆಸರು ನಿಮಗಷ್ಟೇ ಅಲ್ಲ, ಗೊಂಬೆ ಮಾಡುವ ಆ ಊರಿನ ಚಿತ್ರಗಾರ ಮನೆತನಗಳೆಲ್ಲಕ್ಕೂ ತಟ್ಟುತ್ತದೆ.

ನಿಜವಾದ ಕಥೆ ನಿಮ್ಮ ಕೈಯಲ್ಲೇ ಇದೆ. ಗಿರಾಕಿ ಬೆಲೆ ಕೇಳುವುದಕ್ಕೆ ಮೊದಲೇ ಗೊಂಬೆಯನ್ನು ಅವರ ಕೈಗೆ ಕೊಟ್ಟು ‘ಹಿಡಿದು ನೋಡ್ರಿ, ಎಷ್ಟು ಹಗೂರ ಐತಿ’ ಎನ್ನಿ. ಕಣ್ಣಿಗೆ ಭಾರವಾಗಿ ಕಂಡದ್ದು ಕೈಗೆ ಹಗುರವಾದಾಗ ಮನುಷ್ಯ ತಾನಾಗಿಯೇ ‘ಯಾಕೆ?’ ಎಂದು ಕೇಳುತ್ತಾನೆ, ಮತ್ತು ಕೇಳಿದವನಿಗೆ ಹೇಳುವ ಕಥೆಯೇ ಬೇರೆ, ಕೇಳದವನ ಮೇಲೆ ಹೇರುವ ಕಥೆಯೇ ಬೇರೆ. ಹಗುರ ಜಾತಿಯ ಮರವನ್ನು ಕೆತ್ತಿ ಭಾಗಗಳನ್ನು ಜೋಡಿಸುವುದು, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿ ‘ಕಿಟ್ಟ’ ಮಾಡುವುದು, ಅದನ್ನು ಮೈಗೆಲ್ಲ ಬಳಿದು ಮೇಲೆ ಬಟ್ಟೆಯ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲಷ್ಟೇ ಬಣ್ಣಕ್ಕೆ ಕೈ ಹಚ್ಚುವುದು, ಇವನ್ನು ಆ ಕ್ರಮದಲ್ಲೇ ಹೇಳಿ. ಗೌರಿ ಗೊಂಬೆಯ ಕೊರಳಿನ ಸರದ ಮೇಲೆ ಬೆರಳಾಡಿಸಲು ಹೇಳಿ. ಅದು ಬರಿ ಬಣ್ಣವಲ್ಲ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬಿಸಿದ ಕೆಲಸವೆಂದು ಬೆರಳಿಗೇ ತಿಳಿಯುತ್ತದೆ. ಒಂದು ಬಟ್ಟಲಲ್ಲಿ ನಾಲ್ಕು ಹುಣಸೆ ಬೀಜ ಇಟ್ಟುಕೊಂಡಿರಿ. ಅರಮನೆಯನ್ನು ಕಂಡವರು ಯಾರೂ ಇಲ್ಲ, ಹುಣಸೆ ಬೀಜವನ್ನು ಮಾತ್ರ ಎಲ್ಲರೂ ಕಂಡಿದ್ದಾರೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಿತ್ರಗಳು ಈ ಕುಶಲಕರ್ಮಿಗಳ ಹಿರಿಯರವು ಎಂಬ ಮಾತು ರೂಢಿಯಲ್ಲಿದೆ. ಅದನ್ನೂ ಹೇಳಬಹುದು, ಆದರೆ ‘ಹಾಗಂತ ಹೇಳ್ತಾರ್ರಿ’ ಎಂದೇ ಹೇಳಬೇಕು.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಗರ್ಭಿಣಿಯರಿಗೆ ಕಬ್ಬಿಣಾಂಶದ ಗುಳಿಗೆ ಕೊಡುತ್ತೇನೆ. ಇಸಿದುಕೊಳ್ಳುತ್ತಾರೆ, ನುಂಗುವುದಿಲ್ಲ. ಗುಳಿಗೆ ತಗೊಳ್ಳದೆ ಸತ್ತವರ ಕಥೆ ಹೇಳಿ ಹೆದರಿಸಿ ಎಂದು ಒಬ್ಬರು ಸಲಹೆ ಕೊಟ್ಟರು.
— ಓದುಗರೊಬ್ಬರು, ಸಿಂಧನೂರು ಕಡೆಯವರು

ಉತ್ತರ: ತಂಗೀ, ಹೆದರಿಸಬೇಡಿ. ಹೆದರಿದವರು ಗುಳಿಗೆ ನುಂಗುವ ಬದಲು ನೀವು ಬರುವ ಹೊತ್ತಿಗೆ ಬಾಗಿಲು ಮುಂದೆ ಮಾಡುತ್ತಾರೆ. ಒಪ್ಪಿಸುವ ಕಥೆ ಹೇಗಿರಬೇಕೆಂದು ನೋಡಲು ನಮ್ಮ ಸೀಮೆಯ ಬಂಡೆಗಳೇ ಸಾಕು. ಕೊಪ್ಪಳದ ಗವಿಮಠದ ಶಾಸನದಲ್ಲಿ ಅಶೋಕ ಜನರಿಗೆ ಧರ್ಮದ ಪ್ರಯತ್ನ ಮಾಡಿರೆಂದು ಹೇಳುವ ಮೊದಲು ತನ್ನ ಕಥೆ ಹೇಳುತ್ತಾನೆ: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತು, ಆದರೆ ಮೊದಮೊದಲು ಸಾಕಷ್ಟು ಶ್ರಮಿಸಲಿಲ್ಲ, ಬೌದ್ಧ ಭಿಕ್ಷುಗಳ ಸಂಘದ ಸಂಪರ್ಕಕ್ಕೆ ಬಂದ ಮೇಲೆ ಚೆನ್ನಾಗಿ ಶ್ರಮಿಸಿದೆ. ಇದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಅಂಥ ಚಕ್ರವರ್ತಿ ತನ್ನ ಸಡಿಲತನವನ್ನು ಕಲ್ಲಿನಲ್ಲಿ ಕೊರೆಸಿದ್ದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ನೀವು ಗುಳಿಗೆ ತೆಗೆದುಕೊಂಡವರಾಗಿದ್ದು, ನಿಮಗೂ ತೊಂದರೆಯಾಗಿದ್ದರೆ ಅದನ್ನೇ ಹೇಳಿ: ‘ನನಗೂ ಮೊದಲ ವಾರ ಹೊಟ್ಟಿ ತೊಳಸ್ತಿತ್ತವ್ವ, ರಾತ್ರಿ ಉಂಡು ಮಲಗೋ ಮುಂದ ತಗೊಂಡೆ, ಸರಿಹೋತು.’ ಮಲ ಕಪ್ಪಗಾಗುತ್ತದೆ, ಅದು ಗುಳಿಗೆಯ ಗುಣ, ರೋಗವಲ್ಲ ಎಂಬುದನ್ನು ಮೊದಲೇ ತಿಳಿಸಿ. ಚಹಾದ ಜೊತೆ ಬೇಡ, ನಿಂಬೆರಸದ ಜೊತೆ ಒಳ್ಳೆಯದು ಎನ್ನಿ. ನಿಮಗೆ ಆಗಿರದಿದ್ದರೆ, ಆದವರನ್ನೇ ಒಪ್ಪಿಸಿ ಕರೆದುಕೊಂಡು ಹೋಗಿ. 180 ದಿನದ ಗುಳಿಗೆ ಮುಗಿಸಿ ಮಗುವನ್ನು ಎತ್ತಿಕೊಂಡು ಬಂದ ಬಾಣಂತಿಯ ಮಾತಿಗೆ ಇರುವ ತೂಕ ನಮ್ಮ ನಿಮ್ಮ ಭಾಷಣಕ್ಕಿಲ್ಲ.

ಇನ್ನೊಂದು ಮಾತು. ಬಹಳ ಮನೆಗಳಲ್ಲಿ ನಿಮ್ಮ ಕಥೆ ಕೇಳಬೇಕಾದವರು ಸೊಸೆಯಲ್ಲ, ಅತ್ತೆ. ‘ನಾವು ಯಾವ ಗುಳಿಗಿ ನುಂಗಿ ಹಡದೀವಿ?’ ಎನ್ನುವುದೂ ಒಂದು ಕಥೆಯೇ, ಅದೂ ಸ್ವಂತ ಅನುಭವದ್ದು. ಅದನ್ನು ತಳ್ಳಿಹಾಕದೆ, ‘ಎಷ್ಟು ಹೆರಿಗಿ ಆದ್ವು ಅತ್ತಿ, ಆಗ ತಲಿ ತಿರುಗ್ತಿತ್ತೇನು, ಸುಸ್ತು ಇತ್ತೇನು?’ ಎಂದು ಪೂರ್ತಿ ಹೇಳಿಸಿ ಕೇಳಿ. ಹೇಳುತ್ತಾ ಹೋದಂತೆ ಅವರಿಗೇ ತಮ್ಮ ದಣಿವು ನೆನಪಾದರೆ, ಗುಳಿಗೆಯ ಮಾತನ್ನು ಅಲ್ಲಿ ಎತ್ತಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ ನಡೆಸುತ್ತೇನೆ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ನಮ್ಮ ತಂದೆಯವರು ಪಟ್ಟ ಕಷ್ಟದ ಕಥೆ ಹೇಳಿದರೆ ನಡೆಯುತ್ತದೆಯೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ತಂದೆಯವರ ಕಷ್ಟಕ್ಕೆ ಗೌರವವಿದೆ, ಆದರೆ ಬ್ಯಾಂಕಿನ ಅಧಿಕಾರಿಗೆ ಬೇಕಾದ ಕಥೆ ಅದಲ್ಲ. ಜಿಎಸ್‌ಟಿ ಲೆಕ್ಕ, ಆರ್ಡರಿನ ಕಾಗದಗಳು, ಬ್ಯಾಂಕ್ ಖಾತೆಯ ವಿವರಗಳನ್ನು ಮೇಜಿನ ಮೇಲಿಟ್ಟು, ಒಂದೇ ಒಂದು ಲಾಟಿನ ಪ್ಯಾಂಟುಗಳ ಕಥೆ ಹೇಳಿ: ಬಟ್ಟೆಗೆ ಯಾವತ್ತು ಹಣ ಕೊಟ್ಟಿರಿ, ಕಟಿಂಗ್, ಹೊಲಿಗೆ, ವಾಷಿಂಗ್‌ಗೆ ಎಷ್ಟು ದಿನ ಹಿಡಿಯಿತು, ಟೇಲರುಗಳ ಬಟವಾಡೆ ಯಾವ ದಿನ ಆಯಿತು, ಸಗಟು ವ್ಯಾಪಾರಿಯ ಹಣ ಕೊನೆಗೆ ಯಾವತ್ತು ಕೈಗೆ ಬಂತು. ಬಟವಾಡೆಯ ದಿನಕ್ಕೂ ಹಣ ಬಂದ ದಿನಕ್ಕೂ ನಡುವೆ ಇರುವ ಅಂತರವನ್ನು ತಾರೀಖು ಸಮೇತ ತೋರಿಸಿ. ನೀವು ಕೇಳುವ ಸಾಲ ಆ ಅಂತರಕ್ಕೆ.