ನಿದ್ದೆ ಕಡಿಮೆ ಮಾಡಿಕೊಳ್ಳೋಕೆ ಉಪಾಯ ಹೇಳಿ ಮೇಡಂ

ಪ್ರಶ್ನೆ: ಮೇಡಂ, ನನಗೆ 39 ವರ್ಷ. ಮನೆ ಮದ್ದೂರಿನಲ್ಲಿ, ಕೆಲಸ ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿ. ದಿನಾ ರೈಲಿನಲ್ಲಿ ಓಡಾಟ. ಬೆಳಗ್ಗೆ ನಾಲ್ಕಕ್ಕೆ ಎದ್ದು ತಿಂಡಿ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ಅತ್ತೆ–ಮಾವನಿಗೆ ಮಧ್ಯಾಹ್ನದ ಸಾರು ಮಾಡಿಟ್ಟು ಹೊರಡ್ತೀನಿ. ರೈಲಲ್ಲಿ ಕೂತು ಸೊಪ್ಪು ಬಿಡಿಸ್ತೀನಿ, ಕಾಲಕ್ಕೆ ಅವರೆಕಾಯಿ ಸುಲೀತೀನಿ. ರಾತ್ರಿ ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಮನೆ ಸೇರುವಾಗ ಎಂಟೂಮುಕ್ಕಾಲು. ಮಾವನವರಿಗೆ ಬಿಸಿ ಮುದ್ದೆಯೇ ಆಗಬೇಕು. ಊಟ, ಪಾತ್ರೆ ಮುಗಿಸಿ, ಎಸ್ಸೆಸ್ಸೆಲ್ಸಿ ಓದ್ತಿರೋ ಮಗಳ ಪಕ್ಕ ಕೂತಿದ್ದು, ಹನ್ನೊಂದಕ್ಕೆ ಹಾಸಿಗೆಗೆ ಹೋದರೂ ಒಂದು ಗಂಟೆ ಮೊಬೈಲ್ ನೋಡದೆ ಮಲಗೋಕೆ ಮನಸ್ಸು ಬರಲ್ಲ. ಹೋದ ತಿಂಗಳು ಒಲೆ ಮೇಲೆ ಹಾಲಿಟ್ಟು ನಿಂತಲ್ಲೇ ತೂಕಡಿಸಿಬಿಟ್ಟೆ. ಹಾಲುಕ್ಕಿ ಉರಿ ಆರಿಹೋಗಿ, ಗ್ಯಾಸ್ ವಾಸನೆಗೆ ಅತ್ತೆ ಎದ್ದು ಬಂದ್ರು. ಭಾನುವಾರ ಮಧ್ಯಾಹ್ನ ಸ್ವಲ್ಪ ಅಡ್ಡಾದರೂ ‘ಹಗಲು ಮಲಗೋ ಹೆಂಗಸಿರೋ ಮನೆ ಏಳಿಗೆ ಆಗಲ್ಲ’ ಅಂತಾರೆ. ಯಜಮಾನರು ಕೆಟ್ಟವರಲ್ಲ, ಕೇಳಿದ್ರೆ ಮಾಡ್ತಾರೆ. ನಾಲ್ಕು ಗಂಟೆ ಮಾತ್ರ ಮಲಗಿ ಸಾಧನೆ ಮಾಡಿದವರ ವಿಡಿಯೊಗಳನ್ನ ನೋಡ್ತೀನಿ. ನನಗೂ ನಿದ್ದೆ ಕಡಿಮೆ ಮಾಡಿಕೊಳ್ಳೋಕೆ ಏನಾದ್ರೂ ಉಪಾಯ ಹೇಳಿ.
– ಹೆಸರು ಬೇಡ, ಮದ್ದೂರು

ಉತ್ತರ: ನಿದ್ದೆ ಕಡಿಮೆ ಮಾಡಿಕೊಳ್ಳುವ ಉಪಾಯವನ್ನು ನಾನು ಹೇಳುವುದಿಲ್ಲ. ನೀವು ಈಗಾಗಲೇ ಕಡಿಮೆ ಮಾಡಿಕೊಂಡಾಗಿದೆ, ಒಲೆ ಮುಂದೆ ನಡೆದದ್ದು ಅದರ ಫಲ. ಅವತ್ತು ಅತ್ತೆಯವರಿಗೆ ಎಚ್ಚರವಾಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡು ನಿಮ್ಮ ಪತ್ರವನ್ನು ಎರಡನೇ ಸಲ ಓದಿದೆ.

ಆ ವಿಡಿಯೊಗಳನ್ನು ನೋಡುವುದನ್ನು ಬಿಡಿ. ನಾಲ್ಕೈದು ಗಂಟೆ ಮಲಗಿ ನಿಜಕ್ಕೂ ಚೆನ್ನಾಗಿರುವವರು ಹುಟ್ಟಿನಿಂದಲೇ ಹಾಗಿರುವ ಬೆರಳೆಣಿಕೆಯ ಜನ. ಅದು ಅಭ್ಯಾಸದಿಂದ ಬರುವಂಥದ್ದಲ್ಲ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾತಜ್ಞರ ಎರಡು ಸಂಘಗಳು 2015ರಲ್ಲಿ ಒಟ್ಟಾಗಿ ಹೇಳಿವೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿಸಿ ನೋಡಿದರು. ಕೊನೆಗೆ ಅವರ ಗಮನ, ಚುರುಕುತನ ಎಲ್ಲವೂ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಅದರ ಇನ್ನೊಂದು ಭಾಗ: ತಾವು ಅಷ್ಟು ಮಂಕಾಗಿದ್ದೇವೆ ಎನ್ನುವುದು ಆ ಜನರಿಗೆ ಹೆಚ್ಚಾಗಿ ಗೊತ್ತೇ ಆಗಿರಲಿಲ್ಲ. ‘ಅಭ್ಯಾಸ ಆಗಿಹೋಗಿದೆ’ ಎಂದು ನಿಮ್ಮಂಥವರು ಹೇಳುವಾಗ ನನಗೆ ಭಯವಾಗುವುದು ಇದಕ್ಕೇ.

ಮೊದಲು ಸ್ಕೂಟರ್ ವಿಷಯ. ನಾಲ್ಕಕ್ಕೆ ಎದ್ದ ನೀವು ರಾತ್ರಿ ಸ್ಟೇಷನ್ನಿನ ಹೊರಗೆ ಗಾಡಿ ಸ್ಟಾರ್ಟ್ ಮಾಡುವಾಗ ಎದ್ದು ಹೆಚ್ಚುಕಡಿಮೆ 17 ಗಂಟೆ ಆಗಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಒಪ್ಪುವ ಮಿತಿ 0.03. ಅದರ ಮೇಲೆ ನಿಮಗೆ ಹಿಂದಿನ ರಾತ್ರಿಗಳ ಬಾಕಿಯೂ ಇದೆ. ಹಾಗಾಗಿ ನಾಳೆಯಿಂದಲೇ ರಾತ್ರಿ ನಿಮ್ಮನ್ನು ಕರೆದುಕೊಂಡು ಹೋಗಲು ಯಜಮಾನರು ಸ್ಟೇಷನ್ನಿಗೆ ಬರಲಿ, ಇಲ್ಲವೇ ಆಟೊದಲ್ಲಿ ಹೋಗಿ. ಉಳಿದದ್ದೆಲ್ಲ ನಿಧಾನವಾಗಿ ಬದಲಾದರೂ ಪರವಾಗಿಲ್ಲ.

ಈಗ ರೈಲಿಗೆ ಬರೋಣ. ಮೈಸೂರು–ಬೆಂಗಳೂರು ದಾರಿಯಲ್ಲಿ ದಿನಾ ಓಡಾಡುವ ಹೆಂಗಸರ ಗುಂಪುಗಳನ್ನು ನಾನೂ ನೋಡಿದ್ದೇನೆ. ತೊಡೆಯ ಮೇಲೆ ಪೇಪರ್ ಹಾಸಿ ದಂಟಿನ ಸೊಪ್ಪು ಬಿಡಿಸುತ್ತಾ, ಕಡ್ಡಿಗಳನ್ನು ಕವರಿಗೆ ಹಾಕುತ್ತಾ, ರಾಮನಗರ ದಾಟುವಷ್ಟರಲ್ಲಿ ಒಂದು ಹೊತ್ತಿನ ಸಾರಿಗೆ ಅಣಿ ಮಾಡಿಕೊಂಡುಬಿಡುತ್ತಾರೆ. ಎಂಥಾ ಅಚ್ಚುಕಟ್ಟು ಎಂದು ಮೆಚ್ಚುವವರು ಮೆಚ್ಚಲಿ. ದಿನದಲ್ಲಿ ಯಾರೂ ನಿಮ್ಮನ್ನು ಕೂಗದ ಹೊತ್ತು ಅದೊಂದೇ, ಅದನ್ನೂ ಅಡುಗೆಮನೆ ನುಂಗಿಹಾಕಿದೆ. ಬೆಳಗಿನ ರೈಲಿನಲ್ಲಿ ಸೀಟು ಸಿಕ್ಕ ದಿನ ಮಲಗಿ. ತಲೆ ಒರಗಿಸಲು ಒಂದು ಶಾಲು, ಕೆಂಗೇರಿ ಹೊತ್ತಿಗೆ ಎಬ್ಬಿಸಲು ಪಕ್ಕದ ಗೆಳತಿ, ಇಷ್ಟು ಸಾಕು. ಸಂಜೆ ರೈಲಿನಲ್ಲಿ ಮಾತ್ರ ಮಲಗಬೇಡಿ. ಏಳು ಗಂಟೆಯ ಮೇಲೆ ಒಂದು ಜೋಂಪು ಹತ್ತಿದರೂ ರಾತ್ರಿಯ ನಿದ್ದೆ ಅಷ್ಟು ಹಿಂದೆ ಹೋಗುತ್ತದೆ.

ಹಾಗಾದರೆ ಸಂಜೆ ಏನು ಮಾಡಬೇಕು? ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಏನು ಮಾಡುತ್ತೀರೋ ಅದನ್ನೇ ಮಾಡಿ. ಆ ಮೊಬೈಲ್ ಗಂಟೆಯನ್ನು ನಾನು ಕೆಟ್ಟ ಚಟ ಎಂದು ಕರೆಯಲಾರೆ. ಇಡೀ ದಿನ ಕಚೇರಿಗೆ, ಮನೆಗೆ ದುಡಿದವರು ಎಲ್ಲರೂ ಮಲಗಿದ ಮೇಲೆ ‘ಇದಾದರೂ ನನ್ನದು’ ಎಂದು ಒಂದು ಗಂಟೆ ಹಿಡಿದಿಟ್ಟುಕೊಳ್ಳುತ್ತಾರೆ. ನನಗೆ ಬರುವ ಪತ್ರಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಇದನ್ನು ತಪ್ಪು ಒಪ್ಪಿಕೊಳ್ಳುವ ಹಾಗೆ ಬರೆಯುತ್ತಾರೆ. ನಿಮಗೆ ನಿಮ್ಮದೊಂದು ಹೊತ್ತು ಬೇಕು, ಅದು ನ್ಯಾಯ. ಆದರೆ ಈಗ ಅದನ್ನು ನಿಮ್ಮ ನಿದ್ದೆಯಿಂದಲೇ ಕದಿಯುತ್ತಿದ್ದೀರಿ. ಧಾರಾವಾಹಿ, ಹಾಡು, ತಂಗಿಯ ಜೊತೆ ಹರಟೆ ಎಲ್ಲವೂ ಸಂಜೆ ರೈಲಿನಲ್ಲೇ ಮುಗಿಯಲಿ. ಮನೆಯಲ್ಲಿ ಮೊಬೈಲ್ ಚಾರ್ಜಿಗೆ ಹಾಕುವ ಜಾಗ ಅಡುಗೆಮನೆಯ ಕಟ್ಟೆಯಾಗಲಿ, ಮಲಗುವ ಕೋಣೆ ಬೇಡ.

ಸೊಪ್ಪನ್ನು ಯಾರು ಬಿಡಿಸಬೇಕು ಎಂಬ ಪ್ರಶ್ನೆ ಉಳಿಯಿತಲ್ಲ. ‘ಕೇಳಿದ್ರೆ ಮಾಡ್ತಾರೆ’ ಎಂದು ಬರೆದಿದ್ದೀರಿ. ಕೇಳಬೇಕಾಗಿರುವುದೂ ಒಂದು ಕೆಲಸವೇ. ಯಾವ ಡಬ್ಬಿ ಖಾಲಿ, ನಾಳೆಗೆ ಏನು ಸಾರು, ರಾಗಿಹಿಟ್ಟು ಎಷ್ಟಿದೆ ಎಂದು ತಲೆಯಲ್ಲಿ ಇಟ್ಟುಕೊಂಡವರು ನೀವೇ, ಹೇಳಿದಾಗ ಕೈ ಆಡಿಸುವವರು ಮಾತ್ರ ಅವರು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸ ಮಾಡುವ ಗಂಡಸರೂ ಕೊಡುವುದು 88 ನಿಮಿಷ. ನಿಮ್ಮ ನಿದ್ದೆ ಎಲ್ಲಿ ಹೋಯಿತು ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಆದ್ದರಿಂದ ‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳಬೇಡಿ. ಎರಡು ಕೆಲಸ ಪೂರ್ತಿಯಾಗಿ ಅವರ ಪಾಲಿಗೆ ಬಿಡಿ. ಒಂದು, ಮರುದಿನದ ಸೊಪ್ಪು–ತರಕಾರಿ: ತರುವುದು, ಬಿಡಿಸುವುದು, ಹೆಚ್ಚುವುದು, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುವುದು. ಇನ್ನೊಂದು, ರಾತ್ರಿಯ ಮುದ್ದೆ. ನಿಮ್ಮ ಕಡೆ ಬೀಗರೂಟಕ್ಕೆ ನೂರಾರು ಮುದ್ದೆ ಕಟ್ಟುವವರು ಗಂಡಸರೇ ಅಲ್ಲವೇ? ಮನೆಯ ಆರು ಜನಕ್ಕೆ ಕೋಲು ಹಿಡಿಯಲು ಅವರಿಗೆ ಒಂದು ವಾರ ಅಭ್ಯಾಸ ಬೇಕಾಗಬಹುದು. ಮೊದಮೊದಲು ಗಂಟಾಗುತ್ತದೆ, ಯಾರೋ ಗೊಣಗುತ್ತಾರೆ. ಆಗ ನೀವು ಎದ್ದು ಹೋಗಿ ಕೋಲು ಕಿತ್ತುಕೊಳ್ಳಬಾರದು, ನನ್ನ ಮುಖ್ಯ ಕೋರಿಕೆ ಇದೇ. ಈ ಮಾತನ್ನು ರಾತ್ರಿ ಪಾತ್ರೆ ತೊಳೆಯುವಾಗ ಎತ್ತಬೇಡಿ, ಅಲ್ಲಿ ಅದು ಜಗಳವಾಗುತ್ತದೆ. ಭಾನುವಾರ ಇಬ್ಬರೇ ಇರುವಾಗ, ಒಲೆಯ ಘಟನೆಯಿಂದಲೇ ಶುರುಮಾಡಿ.

ಬೆಳಗ್ಗೆ ತಿಂಡಿಗೆ ಒಂದು, ಡಬ್ಬಿಗೆ ಇನ್ನೊಂದು ಎಂಬ ಪದ್ಧತಿ ಇದ್ದರೆ ನಿಲ್ಲಿಸಿ. ಚಿತ್ರಾನ್ನ ಮಾಡಿದ ದಿನ ಎಲ್ಲರಿಗೂ ಎರಡು ಹೊತ್ತಿಗೂ ಚಿತ್ರಾನ್ನವೇ. ತರಕಾರಿ ಹೆಚ್ಚಿಟ್ಟಿದ್ದರೆ ನಾಲ್ಕೂಮುಕ್ಕಾಲಿಗೆ ಎದ್ದರೆ ಸಾಕು. ರಾತ್ರಿ ಹತ್ತೂಕಾಲಿಗೆ ಮಲಗಿದಿರಿ ಎನ್ನಿ, ಅಲ್ಲಿಗೆ ಆರೂವರೆ ಗಂಟೆಯಾಯಿತು. ರೈಲಿನದ್ದು ಸೇರಿದರೆ ಏಳು ದಾಟುತ್ತದೆ.

ಅತ್ತೆಯವರ ಮಾತಿಗೆ ಎದುರಾಡಬೇಡಿ, ಆದರೆ ಎದ್ದು ಕೂರಲೂ ಬೇಡಿ. ಅವರ ಕಾಲದಲ್ಲಿ ಹೊಲ, ದನ, ಕೊಟ್ಟಿಗೆ ಇಟ್ಟುಕೊಂಡು ಹಗಲು ಮಲಗುವುದು ಸಾಧ್ಯವೇ ಇರಲಿಲ್ಲ, ಆ ಮಾತು ಬಂದದ್ದು ಅಲ್ಲಿಂದ. ದೀಪ ಹಚ್ಚಿದ ಮೇಲೆ ಅವರೂ ಬೇಗ ಮಲಗುತ್ತಿದ್ದರು, ಅದನ್ನು ಯಾರೂ ಹೇಳುವುದಿಲ್ಲ. ಶಾಸ್ತ್ರದ ಮಾತೇ ಬೇಕೆಂದರೆ, ಆಹಾರದ ಜೊತೆ ನಿದ್ದೆಯನ್ನೂ ಶರೀರದ ಆಧಾರ ಎಂದು ಎಣಿಸಿದ ಚರಕ ಸಂಹಿತೆ, ರಾತ್ರಿ ಎಚ್ಚರವಿದ್ದವರು, ದುಡಿದು ದಣಿದವರು ಹಗಲು ಮಲಗಬಹುದು ಎಂದೇ ಹೇಳುತ್ತದೆ. ಭಾನುವಾರ ಮಧ್ಯಾಹ್ನ ಮೂರರ ಒಳಗೆ ಅರ್ಧ ಗಂಟೆ ಮಲಗಿ. ಬಾಗಿಲು ಹಾಕಿಕೊಂಡೇ ಮಲಗಿ.

ಮಗಳ ಪಕ್ಕ ಕಾವಲು ಕೂರುವುದನ್ನೂ ಬಿಡಿ. ಅವಳ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ತೂಕಡಿಸುತ್ತಾ ಓದಿದ ಒಂದು ಗಂಟೆಗಿಂತ ಆ ಹೊತ್ತಿಗೆ ಮಲಗುವುದೇ ಅವಳ ಅಂಕಗಳಿಗೆ ಒಳ್ಳೆಯದು. ಕಾಫಿಯನ್ನು ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ. ಐದಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಹತ್ತಿರಹತ್ತಿರ ಅರ್ಧದಷ್ಟು ಮೈಯಲ್ಲೇ ಇರುತ್ತದೆ.

ಇದೆಲ್ಲದರ ಜೊತೆಗೆ ಈ ವಾರ ಒಂದು ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿತ್ತು. ನಿಮ್ಮ ಸುಸ್ತಿನಲ್ಲಿ ಅದರ ಪಾಲೂ ಇರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ, ರಾತ್ರಿ ಕಾಲು ಆಡಿಸದೆ ಇರಲಾಗದಂಥ ಚಡಪಡಿಕೆ ಇದ್ದರೆ, ಜೋರು ಗೊರಕೆ ಇದೆ ಎಂದು ಮನೆಯವರು ಹೇಳಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅಂಗಡಿಯಿಂದ ನಿದ್ದೆಮಾತ್ರೆ ತಂದುಕೊಳ್ಳಬೇಡಿ. ಮಲಗಲು ಹೊತ್ತು ಸಿಕ್ಕ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಅಥವಾ ಯಾವುದರಲ್ಲೂ ಮನಸ್ಸು ನಿಲ್ಲದೆ ಅಳು ಬರುತ್ತಿದ್ದರೆ, ಟೆಲಿ–ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.