ಕೆರೆದಂಡೆಯ ಕಾಡುದಾರಿ

ಪ್ರಶ್ನೆ: ಮಗಳು ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿದ್ದಾಳೆ. ಜೂನ್‌ನಲ್ಲಿ ಹೋಗುತ್ತಿದ್ದೇನೆ. ಅಲ್ಲಿಗೆ ಹತ್ತಿರದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಗೈಡ್ ಇಲ್ಲದೆ ನಡೆಯಬಹುದಾ? ನನಗೆ 61 ವರ್ಷ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ ನಡೆಯಿರಿ ಅಮ್ಮ. ಪ್ರವೇಶ ಶುಲ್ಕವೂ ಇಲ್ಲ. ಹೌಕ್ಕಲಂಪಿ ಕೆರೆಯ ಹತ್ತಿರದಿಂದ ಹೊರಡುವ ಒಂದು ಸುತ್ತು ಸುಮಾರು 4 ಕಿ.ಮೀ. ನಾನು ನಡೆದದ್ದು ಅದನ್ನೇ. ಬಣ್ಣದ ಗುರುತು ನೋಡಿಕೊಂಡು ಹೋದರೆ ದಾರಿ ತಪ್ಪಲ್ಲ. ಬೇರು, ಬಂಡೆ, ಏರು ಇವೆ. ಮೂರು ಗಂಟೆ ಇಟ್ಟುಕೊಳ್ಳಿ.

ಜೌಗು ಇರುವಲ್ಲಿ ಉದ್ದಕ್ಕೆ ಹಲಗೆ ಹಾಸಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಹಳ್ಳದ ಸಂಕ ಪಾಚಿಗಟ್ಟಿ ಜಾರುತ್ತಲ್ವಾ, ನೆನೆದರೆ ಅದೂ ಹಾಗೇ. ಹಿಡಿತ ಇರುವ ಶೂ ಬೇಕೇ ಬೇಕು.

ನಮ್ಮ ಇಂಬಳದ ಕಾಟ ಅಲ್ಲಿಲ್ಲ. ಆದರೆ ಸೊಳ್ಳೆ ಜಾಸ್ತಿ, ಉಣುಗೂ ಇದೆ. ಪ್ಯಾಂಟ್ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮೈ ನೋಡಿಕೊಳ್ಳಿ. ಬುತ್ತಿ ಒಯ್ಯಿರಿ. ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಅವಸರ ಬೇಡ.